ಪಾಷಾ ಬಿಟ್ಟ ಋಣ

"ಸತ್ತವನು ನಿಮಗೆ ಉಳಿಸ್ಕೊಂಡಿರೋ ಋಣವನ್ನೆಲ್ಲ ಬಿಟ್ಟುಕೊಟ್ರಾ?" ಎಂದು ಇಮಾಮರು ಶವಪೆಟ್ಟಿಗೆಯ ಪಕ್ಕ ನಿಂತು ಕೇಳಿದಾಗ, ಎಲ್ಲರಿಗಿಂತ ಮೊದಲು, ಕವಾಯತಿನ ದನಿಯಲ್ಲಿ "ಬಿಟ್ಟುಕೊಟ್ವಿ" ಎಂದವರು ನಿವೃತ್ತ ಜನರಲ್ ಶೆವ್ಕೆತ್ ಪಾಷಾ.

ಪೆಟ್ಟಿಗೆಯಲ್ಲಿದ್ದವನು ರಾಸಿಮ್. ಗಡಿಯಲ್ಲಿ ಪಾಷಾ ಕೊಟ್ಟ ತಪ್ಪು ಆದೇಶವನ್ನು ತನ್ನದೆಂದು ಒಪ್ಪಿಕೊಂಡು, ಕ್ಯಾಪ್ಟನ್ ಪದವಿ ಕಳೆದುಕೊಂಡು, ಸಾಯುವವರೆಗೂ ಅಂಕಾರಾದಲ್ಲಿ ಟ್ಯಾಕ್ಸಿ ಓಡಿಸಿದವನು. ಪಾಷಾರ ಹೆಗಲಿನ ಮೇಲೆ ನಕ್ಷತ್ರಗಳು ಏರುತ್ತಲೇ ಹೋದವು.

ಹಿಂದಿನ ಸಾಲಿನಿಂದ ರಾಸಿಮನ ವಿಧವೆ ಮೆಲ್ಲಗೆ ಅಂದಳು, "ದೊಡ್ಡ ಮನಸ್ಸು ನಿಮ್ದು ಪಾಷಾ. ಅವರು ನಿಮಗೆ ಯಾವ ಋಣ ಉಳಿಸ್ಕೊಂಡಿದ್ರು?"

ಮೂರು ಸಲ ಕೇಳುವುದು ಪದ್ಧತಿ. ಇಮಾಮರು ಮತ್ತೆ ಕೇಳಿದರು. ಮಸೀದಿಯ ಅಂಗಳವೆಲ್ಲ ಉತ್ತರಿಸಿತು. ಪಾಷಾ ಮಾತ್ರ ಪೆಟ್ಟಿಗೆಯನ್ನೇ ನೋಡುತ್ತ ನಿಂತರು. ಅದೇ ಪ್ರಶ್ನೆಯನ್ನು ಸತ್ತವನಿಗೂ ಕೇಳುವ ಪದ್ಧತಿ ಇರಲಿಲ್ಲ.