ಅಂಚೆ ಡಬ್ಬಕ್ಕೆ ಇಳಿದ ಅಮ್ಮ

ಊರಿನ ಅಂಚೆ ಡಬ್ಬ ಕೂರಿಸಿದ ಕಂಬಕ್ಕೇ ಜವರಪ್ಪ ತನ್ನ ಎಮ್ಮೆ ಕಟ್ಟುತ್ತಿದ್ದ. ಎಮ್ಮೆ ಮೈ ಉಜ್ಜಿ ಉಜ್ಜಿ ಕಂಬ ವಾಲಿತ್ತು. ಬಿದ್ದರೆ ಡಬ್ಬವನ್ನೇ ಕಿತ್ತೊಯ್ಯುತ್ತೇನೆಂದು ಅಂಚೆಯವನು ಹೇಳಿ ಹೋಗಿದ್ದ. ನರ್ಸಿಂಗ್ ತರಬೇತಿಗೆ ಅರ್ಜಿ ಬರೆಯುತ್ತಿದ್ದ ಎದುರುಮನೆಯ ಇಂದ್ರಾಣಿ ಪೆನ್ನು ಬಿಟ್ಟು ಜವರಪ್ಪನ ಬಳಿ ಓಡಿದಳು.

“ಮಾವ, ಎಮ್ಮೆ ಬಿಚ್ಚು.”

“ಕಂಬ ಏನು ನಿಮ್ಮಪ್ಪ ನೆಟ್ಟಿದ್ದಾ? ಹೋಗಮ್ಮಿ ಸುಮ್ನೆ!”

ಬೈದಳು, ಬೈಸಿಕೊಂಡಳು. ಕೊನೆಗೆ ಅಜ್ಜಿಯ ಕತೆಗಳು ನೆನಪಾದವು. ಅಲ್ಲಿ ಊರದೇವತೆ ಅಮ್ಮ ಕಲ್ಲಿಗೂ ಇಳಿಯುತ್ತಿದ್ದಳು, ಹುತ್ತಕ್ಕೂ ಇಳಿಯುತ್ತಿದ್ದಳು. ಕೋಳಿ ಕೂಗುವ ಮೊದಲೇ ಎದ್ದ ಇಂದ್ರಾಣಿ ಕಂಬಕ್ಕೆ ಅರಿಶಿನ ಬಳಿದು, ಡಬ್ಬಕ್ಕೆ ಬೇವಿನ ಸೊಪ್ಪು ಕಟ್ಟಿ, ಕುಂಕುಮವಿಟ್ಟಳು. ನೀರಿಗೆ ಬಂದ ಹೆಂಗಸರ ಮುಂದೆ ಕಣ್ಣರಳಿಸಿದಳು:

“ಕನಸಲ್ಲಿ ಅಮ್ಮ ಬಂದಿದ್ಲು ಕಣ್ರಕ್ಕ. ನನ್ ಕಂಬಕ್ಕೆ ಎಮ್ಮೆ ಕಟ್ಟಿದೋನ ವಂಶ ಉಳಿಸಲ್ಲ ಅಂದ್ಲು!”

ಮಧ್ಯಾಹ್ನದೊಳಗೆ ಎಮ್ಮೆ ಹಿತ್ತಲು ಸೇರಿತು. ಜವರಪ್ಪ ತಾನೇ ಗುದ್ದಲಿ ಹಿಡಿದು ಕಂಬವನ್ನು ನೆಟ್ಟಗೆ ನಿಲ್ಲಿಸಿದ. ಇಂದ್ರಾಣಿ ಕಿಟಕಿಯಲ್ಲೇ ನಿಂತು ನಕ್ಕಳು.

ಮರುದಿನವೇ ಅರ್ಜಿ ಹಾಕಲು ಕೊನೆಯ ದಿನ. ಲಕೋಟೆ ಹಿಡಿದು ಬಂದರೆ, ಡಬ್ಬದ ಬಾಯಿ ಮುಚ್ಚುವಂತೆ ದಪ್ಪನೆಯ ಹೂವಿನ ಹಾರ. ಕೈಮುಗಿದು ನಿಂತ ಹೆಂಗಸರ ಸಾಲು. ಮುಂದೆ ಒದ್ದೆ ಪಂಚೆಯುಟ್ಟು, ಹಣೆ ತುಂಬ ವಿಭೂತಿ ಬಳಿದುಕೊಂಡ ಜವರಪ್ಪ, ಕೈಯಲ್ಲಿ ಮಂಗಳಾರತಿ ತಟ್ಟೆ.

“ಸ್ವಲ್ಪ ಸರಿ ಮಾವ, ಕಾಗದ ಹಾಕ್ಬೇಕು.”

ಜವರಪ್ಪ ಇಡೀ ಊರಿಗೆ ಕೇಳುವಂತೆ ಗದರಿದ: “ಕನಸಲ್ಲಿ ಬಂದೋಳು ನಿಂಗೆ ಹೇಳ್ಲಿಲ್ವೇನಮ್ಮಿ? ಅಮ್ಮನ ಬಾಯಿಗೆ ಯಾರೂ ಕಾಗದ ತುರುಕಂಗಿಲ್ಲ!”