ಅಲುಗದ ಚಿತ್ರ

ಚಿತ್ರ ನಿಂತಿದೆಯೋ, ಅಕ್ಕನ ಉಸಿರೇ ನಿಂತಿದೆಯೋ?

ಪ್ರಶ್ನೆ ಮನಸ್ಸಿಗೆ ಬಂದದ್ದೇ ತಡ, ಮುದ್ರಣಾಲಯದ ತನ್ನ ಮೇಜಿನಲ್ಲಿ ಅವನು ಕೆಲಸ ಬಿಟ್ಟು ಫೋನು ಹತ್ತಿರ ಹಿಡಿದ. ಫೋನಿನ ಪರದೆಯಲ್ಲಿ ಮನೆಯ ನಡುಕೋಣೆ. ಕಿಟಕಿಯ ಬಳಿಯ ಕುರ್ಚಿಯಲ್ಲಿ ಅಕ್ಕ. ತೊಡೆಯ ಮೇಲೆ ಪುಸ್ತಕ, ಮೇಜಿನ ಮೇಲೆ ನೀಲಿ ಲೋಟ, ಮೂಗಿನ ತುದಿಗೆ ಜಾರಿದ ಕನ್ನಡಕ. ಆಗಿನಿಂದಲೂ ಅದೇ ಪುಟ, ಅದೇ ಭಂಗಿ. ಫೋನ್ ಮಾಡಿದರೆ ರಿಂಗ್ ಆಗುತ್ತಲೇ ಇತ್ತು. ಅವಳು ತಲೆ ಎತ್ತಲಿಲ್ಲ.

ಹೃದಯದ ಆಪರೇಷನ್ ಆದಮೇಲೆ ಅಕ್ಕ ಮನೆಯಿಂದ ಹೊರಗೆ ಕಾಲಿಡುವುದನ್ನು ಅವನು ನಿಲ್ಲಿಸಿದ್ದ. ಡಾಕ್ಟರು ‘ಸ್ವಲ್ಪ ಸ್ವಲ್ಪ ನಡೆಯಲಿ’ ಎಂದಿದ್ದರು; ಅವನಿಗೆ ಧೈರ್ಯ ಬರಲಿಲ್ಲ. ಅವಳ ಹಳೆಯ ಲಿನಕ್ಸ್ ಕಂಪ್ಯೂಟರಿಗೆ ಒಂದು ಕ್ಯಾಮೆರಾ ಸಿಕ್ಕಿಸಿದ. ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನಡೆಸಿ ನಿವೃತ್ತಳಾದ ಅಕ್ಕ ಕೈಕಟ್ಟಿ ನಿಂತು ನೋಡಿದ್ದಳು.

“ನಾನೇನು ಕಳ್ಳಿಯೇನೋ, ಪಹರೆ ಹಾಕೋಕೆ?”

ಆಮೇಲೆ, ಕ್ಯಾಮೆರಾ ಓಡಿಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಕೂಡಿಸಲು ಅವನಿಂದ ಆಗದೆ ಹೋದಾಗ, ತಾನೇ ಕೂತು ಕೂಡಿಸಿಕೊಟ್ಟಿದ್ದಳು.

“ಡ್ರೈವರ್ ಸಿಕ್ಕಾಕ್ಕೊಂಡಿರುತ್ತೆ ಬಿಡೋ,” ಎಂದ ಪಕ್ಕದ ಮೇಜಿನ ಗೆಳೆಯ. ಮುದ್ರಣಾಲಯದ ಕಂಪ್ಯೂಟರುಗಳೆಲ್ಲ ಅವನ ಸುಪರ್ದಿ; ಎಲ್ಲರ ಬಾಯಲ್ಲೂ ಅವನು ‘ತಂತಿ’. “ಇಲ್ಲಿಂದಲೇ ಮನೆ ಕಂಪ್ಯೂಟರಿಗೆ ಹೋಗು. ಡ್ರೈವರ್ ಇಳಿಸಿ ಮತ್ತೆ ಏರಿಸು. ಚಿತ್ರ ಒಂದ್ಸಲ ಹೋಗಿ ಬರುತ್ತೆ.”

ಮೇಜಿನ ಕಂಪ್ಯೂಟರಿನಲ್ಲಿ ಅವನು ಕೀಲಿ ಒತ್ತಿದ. ಡ್ರೈವರ್ ಇಳಿಯಿತು. ಚಿತ್ರ ಹೋಗಲಿಲ್ಲ.

“ಸರಿಯಾಗಿ ಒತ್ತಿದ್ಯಾ?”

“ಒತ್ತಿದೆ ಕಣೋ!”

ತಂತಿ ಕುರ್ಚಿ ಎಳೆದುಕೊಂಡು ಬಂದು, ಯಾವ ಯಾವ ಕ್ಯಾಮೆರಾ ಇದೆಯೆಂದು ಕಂಪ್ಯೂಟರನ್ನು ಕೇಳಿದ. ಡ್ರೈವರ್ ಇಳಿದ ಮೇಲೆ ಒಂದೂ ಉಳಿಯಬಾರದಿತ್ತು. ಒಂದು ಉಳಿದಿತ್ತು. ತಂತಿಯ ಹುಬ್ಬು ಗಂಟಾಯಿತು.

“ಇದ್ಯಾವ ಕ್ಯಾಮೆರಾನೋ? ಹಿಂದೆ ಯಂತ್ರವೇ ಇಲ್ಲ, ಬರೀ ಸಾಫ್ಟ್‌ವೇರ್. ಯಾರು ಕೂಡಿಸಿದ್ದು?”

ಅವನಿಗೆ ಕೇಳಿಸಲಿಲ್ಲ. ಫೋನಿನಲ್ಲಿ, ಅಕ್ಕನ ಹಿಂದೆ, ಕರ್ಟನ್ ಮೆಲ್ಲಗೆ ಅಲುಗಿತ್ತು. ಅಂದರೆ ಚಿತ್ರ ನಿಂತಿಲ್ಲ. ಕ್ಯಾಮೆರಾಕ್ಕೆ ಜೀವವಿದೆ.

ಓಡಿದ.

ದಾರಿಯುದ್ದಕ್ಕೂ ಬೆಳಗಿನ ಮಾತೇ ಬೆನ್ನು ಹತ್ತಿತು. ತೊಳೆಯುವಾಗ ಅವಳ ಮೆಚ್ಚಿನ ಲೋಟ ಅವನ ಕೈಜಾರಿ ಚೂರಾಗಿತ್ತು. “ಕೈಗೆ ಎಣ್ಣೆ ಹಚ್ಕೊಂಡಿದ್ದೀಯೇನೋ?” ಎಂದು ಅವಳು ರೇಗಿದ್ದಳು. ಅವನು ದಡಾರನೆ ಬಾಗಿಲು ಎಳೆದುಕೊಂಡು ಬಂದಿದ್ದ. ಅದೇ ಕೊನೆಯ ಮಾತಾಗಿಬಿಟ್ಟರೆ?

ಮೆಟ್ಟಿಲುಗಳನ್ನು ಹಾರಿ ಹಾರಿ ಹತ್ತಿದ. ಬೀಗದ ಕೈ ಎರಡು ಸಲ ಜಾರಿತು. ಬಾಗಿಲ ಬಳಿ ಅಕ್ಕನ ಚಪ್ಪಲಿ ಇತ್ತು, ಅಂಚಿಗೆ ಹಸಿ ಮಣ್ಣು. ಅದನ್ನು ಎಡವಿಕೊಂಡೇ ಒಳಗೆ ನುಗ್ಗಿದ.

ಅಕ್ಕ ಕುರ್ಚಿಯಲ್ಲಿದ್ದಳು. ಅದೇ ಪುಸ್ತಕ, ಅದೇ ಕನ್ನಡಕ.

“ಅಕ್ಕಾ!”

ಅವಳು ತಲೆ ಎತ್ತಿದಳು. “ಏನೋ ಇದು, ದೆವ್ವ ಅಟ್ಟಿಸ್ಕೊಂಡು ಬಂದೋನ ಹಾಗೆ?”

ಅವನು ಅವಳ ಕಾಲ ಬಳಿ ಕುಸಿದು ಕೂತ. “ಫೋನ್ ಯಾಕೆ ಎತ್ತಲಿಲ್ಲ?”

“ಜೊಂಪು ಹತ್ತಿತ್ತು ಕಣೋ. ಇಲ್ಲೇ ಇದ್ದೆನಲ್ಲ, ನೀನು ನೋಡ್ತಾನೇ ಇದ್ದೆಯಲ್ಲ.”

ಅವಳ ಹಣೆಯ ಮೇಲೆ ಬೆವರ ಹನಿಗಳಿದ್ದವು. ಆಸ್ಪತ್ರೆಯಿಂದ ಬಂದಾಗ ಸುಣ್ಣದಂತಿದ್ದ ಕೆನ್ನೆಗೆ ಯಾವಾಗಲೋ ರಂಗು ಮರಳಿತ್ತು. ಅವನು ಇವತ್ತೇ ಅದನ್ನು ಕಂಡದ್ದು.

“ಕ್ಯಾಮೆರಾ ಕೆಟ್ಟಿದೆಯೇನೋ?” ಪುಟ ತಿರುಗಿಸುತ್ತಾ ಕೇಳಿದಳು.

ಅವನು ಕೈಯಲ್ಲಿದ್ದ ಫೋನಿನತ್ತ ನೋಡಿದ. ಆಮೇಲೆ ಅವಳ ಪಕ್ಕದ ಖಾಲಿ ಮೇಜಿನತ್ತ.

“ಇಲ್ಲ ಅಕ್ಕ. ಸರಿಯಾಗೇ ಇದೆ.”

ಪರದೆಯಲ್ಲಿ ಅವಳು ಯಾವತ್ತೋ ತಾನೇ ರೆಕಾರ್ಡ್ ಮಾಡಿಟ್ಟ ಜೊಂಪಿನಲ್ಲಿ ಒಬ್ಬಳೇ ಕೂತಿದ್ದಾಳೆ, ಬೆಳಿಗ್ಗೆ ಚೂರಾದ ನೀಲಿ ಲೋಟ ಅವಳ ಪಕ್ಕದಲ್ಲಿ ಇಡಿಯಾಗಿದೆ ಎಂಬುದನ್ನು ಅವನು ಅವಳಿಗೆ ಎಂದೂ ಹೇಳಲಿಲ್ಲ.