ಸರದಿಯಲ್ಲಿ ನಿಂತ ಗಿರಾಕಿ

ತನ್ನ ಮನೆಯ ಕರೆಗಂಟೆಯನ್ನು ಒಲೆರಾಯ ಎಂದೂ ಒತ್ತಿದವನಲ್ಲ. ಇಂದು ಹೆಗಲಿಗೆ ಉಪಕರಣದ ಚೀಲ ಏರಿಸಿಕೊಂಡು, ಒಳಗಿನಿಂದ ಚಿಲಕ ಹಾಕಿದ್ದ ಬಾಗಿಲ ಮುಂದೆ ಗಂಟೆ ಒತ್ತಿ ಕಾಯುತ್ತಿದ್ದ. ಚಳಿಯ ಊರಿನಲ್ಲಿ ಮನೆಮನೆಗೂ ಕಟ್ಟಿಗೆ ಒಲೆ ಕೂರಿಸಿಕೊಡುವುದು, ಹೊಗೆಕೊಳವೆ ಗುಡಿಸುವುದು ಅವನ ಕಸುಬು. ಹೆಸರು ಬಂದದ್ದೂ ಅದರಿಂದಲೇ. ಸ್ವಲ್ಪ ಹೊತ್ತಿನ ಹಿಂದೆ ಅಂಗಡಿಯ ಪಾಲುದಾರ ನಗು ತಡೆಯಲಾರದೆ, "ಮುಂದಿನ ಗಿರಾಕಿ ನಿನ್ನ ಹೆಂಡ್ತೀನೇ ಕಣಯ್ಯ. ಒಲೆ ಪರೀಕ್ಷೆ ಮಾಡಿಸ್ಬೇಕಂತೆ, ಫೋನ್ ಮಾಡಿ ಸರದೀಲಿ ನಿಂತಿದಾರೆ," ಎಂದಿದ್ದ.

ಬಾಗಿಲು ತೆರೆಯಿತು. "ಬನ್ನಿ ಸರ್. ಬೂಟು ಅಲ್ಲೇ ಬಿಡಿ," ಎಂದಳು ಹೆಂಡತಿ, ಶಾಲು ಎಳೆದುಕೊಳ್ಳುತ್ತಾ.

"ಏನಿದು ಹುಡುಗಾಟ? ಊರಲ್ಲಿ ನನಗೆ ಬೇರೆ ಕೆಲಸ ಇಲ್ವಾ?"

"ಇದೆ ಅಂತ್ಲೇ ಸರದೀಲಿ ನಿಂತೆ. ನಮ್ಮನೆಯೋರಿಗೆ ಹೇಳಿ ಹೇಳಿ ಸಾಕಾಯ್ತು. ನೀವು ಗಿರಾಕಿಗಳ ಮಾತು ಪೂರ್ತಿ ಕೇಳಿಸ್ಕೊಳ್ತೀರಂತೆ, ಊರೆಲ್ಲ ಹೊಗಳುತ್ತೆ."

ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆಯನ್ನು ಇಷ್ಟು ಮರ್ಯಾದೆಯಿಂದ ಯಾರೂ ಅವನ ಮುಖಕ್ಕೆ ಹೇಳಿರಲಿಲ್ಲ. ಅವನಿಗೆ ನಗು ಬಂತು. ಸರಿ, ಆಟವೆಂದರೆ ಆಟವೇ ಆಗಲಿ ಎಂದು ಬೂಟು ಬಿಚ್ಚಿದ.

ಬೇರೆ ಮನೆಗಳಲ್ಲಾದರೆ ಒಳಗೆ ಕಾಲಿಟ್ಟೊಡನೆ, "ಯಾವ ಮಹಾನುಭಾವ ಕೂರಿಸಿದ್ದು ಇದನ್ನ?" ಎಂದು ಮೂಗು ಮುರಿಯುವುದು ಅವನ ರೂಢಿ. ಇಲ್ಲಿ ಆ ಮಾತು ಗಂಟಲಲ್ಲೇ ಉಳಿಯಿತು. ಈ ಒಲೆ ಗಿರಾಕಿಗಳ ಮನೆಯಲ್ಲಿ ಮಿಕ್ಕಿದ್ದನ್ನೆಲ್ಲ ತಂದು ಜೋಡಿಸಿದ್ದು. ಕೊಳವೆಯ ಒಂದು ತುಂಡು ಒಬ್ಬರದು, ಇನ್ನೊಂದು ಮತ್ತೊಬ್ಬರದು. ಒಂದಕ್ಕೊಂದು ಕೂಡದ ಕಡೆ ಗಾರೆ ಮೆತ್ತಿ, ಆಮೇಲೆ ಸರಿಮಾಡಿದರಾಯಿತು ಎಂದುಕೊಂಡಿದ್ದ. ಈಗ ಗಾರೆ ಬಿರುಕು ಬಿಟ್ಟು ಅಲ್ಲಲ್ಲಿ ಉದುರಿತ್ತು. ವಾಸನೆಯಿಲ್ಲದ ವಿಷಗಾಳಿ ಕೋಣೆಗೆ ಸೇರಿದರೆ ಕಿರುಚಿಕೊಳ್ಳುವ ಪುಟ್ಟ ಡಬ್ಬಿಯೊಂದು ಮೊದಲು ಗೋಡೆಯ ಮೊಳೆಯಲ್ಲಿತ್ತು. ಅಂಗಡಿಯಲ್ಲಿ ಸರಕು ಮುಗಿದ ದಿನ ಅದನ್ನು ಬಿಚ್ಚಿ ಯಾರದೋ ಗೋಡೆಗೆ ಹಾಕಿಕೊಟ್ಟು ಬಂದಿದ್ದ. ಆ ಮೊಳೆಯಲ್ಲಿ ಈಗ ಅವನ ಟೋಪಿ ನೇತಾಡುತ್ತಿತ್ತು.

"ಹೊರಗಿನ ಗಾಳಿ ಬರೋ ಕಿಂಡಿ ಎಲ್ಲಿ?" ಎಂದು ಅಭ್ಯಾಸಬಲದಿಂದ ಕೇಳಿ, ತಾನೇ ಪರದೆ ಸರಿಸಿದ. ಕಿಂಡಿಯ ತುಂಬ ಹಳೆಯ ಮಫ್ಲರ್ ತುರುಕಿತ್ತು.

"ನಮ್ಮನೆಯೋರೇ ತುರುಕಿದ್ದು," ಎಂದಳು. "ಗಾಳಿ ನುಗ್ಗುತ್ತೆ, ಇವತ್ತೊಂದಿನ ಇರ್ಲಿ ಅಂದ್ರು. ಚಳಿ ಶುರುವಾದಾಗಿನ ಮಾತು ಅದು."

ಅವನು ಮಫ್ಲರ್ ಎಳೆದು ಹೆಗಲಿಗೆ ಹಾಕಿಕೊಂಡು ನಕ್ಕ. ಅವಳು ನಗಲಿಲ್ಲ. ಮುಂದಿನ ಪ್ರಶ್ನೆ ತಾನಾಗಿಯೇ ಬಾಯಿಗೆ ಬಂತು. "ಈ ಕೋಣೇಲಿ ಮಲಗೋರು ಯಾರಮ್ಮ?"

"ನಾನೇ. ಮಂಡಿ ನೋವು, ಮಹಡಿ ಹತ್ತೋಕಾಗಲ್ಲ. ಅವರು ಮೇಲೆ ಮಲಗ್ತಾರೆ."

"ಬೆಳಿಗ್ಗೆ ಏಳುವಾಗ ತಲೆನೋವು, ತಲೆಸುತ್ತು ಏನಾದ್ರೂ..." ಎಷ್ಟೋ ಮನೆಗಳಲ್ಲಿ ಗಿಳಿಪಾಠದಂತೆ ಒಪ್ಪಿಸಿದ್ದ ಪ್ರಶ್ನೆ ಇಂದು ಅರ್ಧಕ್ಕೇ ನಿಂತಿತು.

"ದಿನಾ ಇದೆ ಸರ್. ನಿನ್ನೆಯಂತೂ ಗೋಡೆ ಹಿಡ್ಕೊಂಡು ಎದ್ದೆ. ತಂಗಿ ಮನೇಲಿದ್ದಷ್ಟು ದಿನ ಏನೂ ಇರ್ಲಿಲ್ಲ. ವಾಪಸ್ ಬಂದ ಮಾರನೇ ದಿನಾನೇ ಮತ್ತೆ ಶುರು."

"ಮನೆಯೋರಿಗೆ ಹೇಳ್ಲಿಲ್ವಾ?"

"ಹೇಳ್ದೆ. ಕನ್ನಡಕ ಬದಲಾಯಿಸ್ಕೋ ಅಂದ್ರು. ಬದಲಾಯಿಸ್ಕೊಂಡೆ."

ಅವಳ ಮೂಗಿನ ಮೇಲಿದ್ದ ಕನ್ನಡಕ ಹೊಸದು. ಅವನು ಅದನ್ನು ಗಮನಿಸಿದ್ದು ಈಗಷ್ಟೇ.

ಇನ್ನು ಆಟ ಉಳಿಯಲಿಲ್ಲ. ಒಲೆ ಬೂದಿಯಾಗಿ ತಣ್ಣಗಿತ್ತು. ನಿನ್ನೆಯಿಂದ ಅವಳು ಹೆದರಿ ಹಚ್ಚಿರಲಿಲ್ಲ. ಅವನು ಚೀಲದಿಂದ ಪರೀಕ್ಷೆಯ ಹೊಗೆಬತ್ತಿ ತೆಗೆದು ಹಚ್ಚಿ, ಒಲೆಯೊಳಗಿಟ್ಟು ಅದರ ಬಾಗಿಲು ಮುಚ್ಚಿದ. ಹೊಗೆ ಮೇಲೇರಿ ಸೂರಿನಾಚೆ ಹೋಗಬೇಕು. ಅದು ಕೊಳವೆಯ ಬಿರುಕಿನಿಂದ ಮೆಲ್ಲಗೆ ಹೊರಬಂದು, ಗೋಡೆಗುಂಟ ಇಳಿದು, ಮಂಚದ ತಲೆದಿಂಬಿನ ಮೇಲೆ ಹರಡಿಕೊಂಡಿತು. ಓಡಿಹೋಗಿ ಕಿಟಕಿಗಳನ್ನೆಲ್ಲ ತೆರೆದ. ಚೀಲದಲ್ಲಿ ತಡಕಾಡಿ, ಕೆಟ್ಟ ಒಲೆಗಳಿಗೆ ಕಟ್ಟುವ ಕೆಂಪು ಚೀಟಿ ತೆಗೆದು ತನ್ನ ಒಲೆಯ ಹಿಡಿಗೆ ಕಟ್ಟಿದ. 'ಉರಿಸಬಾರದು' ಎಂದಿತ್ತು ಅದರ ಮೇಲೆ.

"ತಪ್ಪಾಯ್ತು ಕಣೇ," ಎಂದ. "ಶಾಲು ಸರಿಯಾಗಿ ಹೊದ್ಕೋ. ಮೊದ್ಲು ಡಾಕ್ಟರ್ ಹತ್ರ ಹೋಗೋಣ. ಒಲೆ ಆಮೇಲೆ. ಪೂರ್ತಿ ಕಿತ್ತು ಹೊಸದಾಗಿ ಕೂರಿಸ್ತೀನಿ."

"ರೀ, ನಿಮ್ಮ ಬೇರೆ ಗಿರಾಕಿಗಳು?" ಎಂದಳು. ಗಂಟೆ ಒತ್ತಿದಾಗಿನಿಂದ ಅವಳು 'ರೀ' ಎಂದದ್ದು ಇದೇ ಮೊದಲು.

ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ಪಾಲುದಾರ. "ಏನಯ್ಯ, ಮುಗೀತಾ? ಇಲ್ಲಿ ಇನ್ನೊಬ್ರು ಕಾಯ್ತಿದಾರೆ."

"ಇವತ್ತು ಯಾರ ಮನೆಗೂ ಬರಲ್ಲ. ಇಲ್ಲಿ ಒಲೆ ಬಹಳ ಕೆಟ್ಟಿದೆ."

ಪಾಲುದಾರ ಗಹಗಹಿಸಿ ನಕ್ಕ. "ಯಾವ ಮಹಾನುಭಾವ ಕೂರಿಸಿದ್ದಂತೆ?"

ತೆರೆದ ಕಿಟಕಿಯ ಬಳಿ ನಿಂತು ಅವಳು ನಿಧಾನವಾಗಿ ಉಸಿರು ಎಳೆದುಕೊಳ್ಳುತ್ತಿದ್ದಳು. ಅವನು ಅವಳನ್ನೇ ನೋಡುತ್ತಾ ಹೇಳಿದ:

"ಕೆಲಸ ಗೊತ್ತಿರೋನೇ ಕಣಯ್ಯ. ಕಿವಿ ಮಾತ್ರ ಮನೇಲಿಟ್ಕೊಂಡಿರಲಿಲ್ಲ."